ಡೆನ್ಜಿಲ್ ಕ್ರೋಕರನ ಅರ್ಧ ಗಂಟೆ

ಬೇಸಿಗೆ ಹತ್ತಿರ ಬಂದಾಗ ಸಿಡ್ನಿಯವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಪೂರ್ವಕ್ಕೆ, ಸಮುದ್ರದ ನಡುವೆ ಇರುವ ನಮ್ಮ ಲಾರ್ಡ್ ಹೌ ದ್ವೀಪದವರು ತಿರುಗಿಸುವುದು ಅರ್ಧ ಗಂಟೆ. ಯಾಕೆ ಹೀಗೆ ಎಂದು ಕೇಳಿದರೆ ಇಲ್ಲಿ ಒಬ್ಬೊಬ್ಬರು ಒಂದೊಂದು ಕತೆ ಹೇಳಿ, ಕೊನೆಗೆ "ಮೊದಲಿಂದ ಹಾಗೇ" ಎಂದು ಮುಗಿಸುತ್ತಾರೆ. ಚಳಿಗಾಲವಿಡೀ ನಮ್ಮ ಗಡಿಯಾರ ಸಿಡ್ನಿಗಿಂತ ಅರ್ಧ ಗಂಟೆ ಮುಂದೆ ಇರುತ್ತದೆ. ಅಕ್ಟೋಬರಿನ ಮೊದಲ ಭಾನುವಾರ ಅವರು ಒಂದು ಗಂಟೆ ಹಾರುತ್ತಾರೆ, ನಾವು ಅರ್ಧ ಗಂಟೆ ಹಾರುತ್ತೇವೆ, ಎರಡೂ ಗಡಿಯಾರ ಸಮ ಆಗುತ್ತವೆ. ಏಪ್ರಿಲ್ ತನಕ ಸಮವೇ. ಇಷ್ಟೇ ಲೆಕ್ಕ. ಎರಡನೇ ಕ್ಲಾಸಿನ ಮಗುವೂ ಮಾಡುವ ಲೆಕ್ಕ.

ಸರ್ವರ್‌ಗೆ ಮಾತ್ರ ಬರುವುದಿಲ್ಲ. ನೊಲೀನಳ ಲಾಡ್ಜಿನ ಹಿಂದೆ, ಬಟ್ಟೆ ಒಗೆಯುವ ಶೆಡ್ಡಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಆ ಪೆಟ್ಟಿಗೆ ಇದೆ. ದ್ವೀಪದ ಏಳು ಲಾಡ್ಜುಗಳು ಸೇರಿ ಇಟ್ಟುಕೊಂಡದ್ದು. ಯಾರು ಯಾವ ಕೋಣೆಗೆ, ವಿಮಾನಕ್ಕೆ ಯಾರನ್ನು ಎಷ್ಟು ಹೊತ್ತಿಗೆ ಹೊರಡಿಸಬೇಕು, ಮೀನಿನ ದೋಣಿಗೆ ಯಾರು ಯಾರು, ಸಂಜೆಯ ಊಟಕ್ಕೆ ಎಷ್ಟು ತಟ್ಟೆ, ಎಲ್ಲ ಅದರ ಹೊಟ್ಟೆಯಲ್ಲಿ. ಅದಕ್ಕೆ ಪ್ರೋಗ್ರಾಮು ಬರೆದುಕೊಟ್ಟವರು ಮೆಲ್ಬರ್ನಿನ ಒಂದು ಕಂಪನಿಯವರು. ಗಡಿಯಾರ ಅಂದಮೇಲೆ ಒಂದು ಗಂಟೆಯೇ ಸರಿಯಬೇಕು ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಹಾಗಾಗಿ ಪ್ರತಿ ಅಕ್ಟೋಬರ್ ಅದು ಸಿಡ್ನಿಯ ಜೊತೆ ಒಂದು ಗಂಟೆ ಹಾರಿ ಕೂತುಬಿಡುತ್ತಿತ್ತು. ಅದರ ಕಿವಿ ಹಿಂಡಿ ಅರ್ಧ ಗಂಟೆ ಹಿಂದಕ್ಕೆ ಎಳೆದು ತರುವ ಕೆಲಸ ಡೆನ್ಜಿಲ್ ಕ್ರೋಕರನದು. ಊರಲ್ಲಿ ಅವನಿಗೆ "ಅರ್ಧಗಂಟೆ ಡೆನ್ಜಿಲ್" ಎಂದೇ ಹೆಸರು.

ಕಂಪನಿಗೆ ಅವನು ಫೋನು ಮಾಡದ ವರ್ಷವಿಲ್ಲ. ಪ್ರತಿ ಸಲ ಹೊಸಬರೊಬ್ಬರು ಎತ್ತಿಕೊಳ್ಳುತ್ತಿದ್ದರು.

"ಅರ್ಧ ಗಂಟೆನಾ? ಸರಿಯಾಗಿ ನೋಡಿದ್ರಾ ಸಾರ್? ಲೋಕದಲ್ಲಿ ಯಾರೂ ಅರ್ಧ ಗಂಟೆ ತಿರುಗಿಸಲ್ಲ."

"ನಾವು ತಿರುಗಿಸ್ತೀವಪ್ಪ. ಇಲ್ಲೇ ಹುಟ್ಟಿದೋನು ಹೇಳ್ತಾ ಇದೀನಿ, ನಂಬು."

"ಬರ್ಕೊಂಡಿದೀನಿ ಸಾರ್. ನೋಡ್ತೀವಿ."

ನೋಡಿದರು. ನೋಡಬಾರದ ವರ್ಷವೇ ನೋಡಿದರು. ಅಲ್ಲಿಯವರೆಗೆ ಸುಮ್ಮನಿದ್ದವರು ಈ ಒಂದು ಸಲವೂ ಸುಮ್ಮನಿದ್ದಿದ್ದರೆ ಅವರ ಗಂಟೇನು ಹೋಗುತ್ತಿತ್ತು!

ಆ ವರ್ಷ ಡೆನ್ಜಿಲ್‌ಗೆ ಬೇರೊಂದು ಚಿಂತೆ ಇತ್ತು. ಅವನ ಮಗಳು ಪಿಪ್ಪಾಗೆ ಏಳು ವರ್ಷ. ಅವಳ ಅಮ್ಮ ಕಾರ್ಮೆಲ್ ದ್ವೀಪಕ್ಕೆ ಅಡಿಗೆಯವಳಾಗಿ ಬಂದು, ಡೆನ್ಜಿಲ್‌ನನ್ನು ಮೆಚ್ಚಿ, ಆರು ವರ್ಷ ಬಾಳಿ, ಆಮೇಲೆ ಸುತ್ತಲೂ ನೀರು ನೋಡಿ ನೋಡಿ ಸಾಕಾಗಿ ಮಗುವನ್ನು ಕರೆದುಕೊಂಡು ಸಿಡ್ನಿ ಕಡೆಯ ನ್ಯೂಕಾಸಲ್‌ಗೆ ಹೋಗಿಬಿಟ್ಟಿದ್ದಳು. ಕೆಟ್ಟವಳಲ್ಲ. ರಜೆ ಬಂದರೆ ಮಗುವನ್ನು ವಿಮಾನ ಹತ್ತಿಸಿ ಕಳಿಸುತ್ತಿದ್ದಳು, ಪ್ರತಿ ಮಂಗಳವಾರ ಸಂಜೆ ಐದಕ್ಕೆ ಫೋನು ಮಾಡಿಸುತ್ತಿದ್ದಳು. ಈಗ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಅವಳಿಗೆ ಒಳ್ಳೆಯ ಕೆಲಸ ಸಿಕ್ಕಿತ್ತು. ಮಗಳನ್ನೂ ಕರೆದುಕೊಂಡು ಹೋಗಲು ಅಪ್ಪಣೆ ಬೇಕೆಂದು ಸಿಡ್ನಿಯ ಕುಟುಂಬ ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದಳು.

ಜುಲೈನಲ್ಲಿ ಮೊದಲ ವಿಚಾರಣೆ. ಡೆನ್ಜಿಲ್ ಇದ್ದ ಒಂದು ಕೋಟನ್ನು ಮಡಚಿಟ್ಟುಕೊಂಡು ವಿಮಾನ ನಿಲ್ದಾಣಕ್ಕೆ ಹೋಗಿ ಕಾದು ಕೂತ. ಸಿಡ್ನಿಯಿಂದ ಬಂದ ವಿಮಾನ ಗಾಳಿಗೆ ಇಳಿಯಲಾಗದೆ, ಗುಡ್ಡದ ಮೇಲೆ ಎರಡು ಸುತ್ತು ಹೊಡೆದು ವಾಪಸ್ಸು ಹೋಯಿತು. ನಮ್ಮಲ್ಲಿ ಇದು ಹೊಸದೇನಲ್ಲ. ನ್ಯಾಯಾಧೀಶರಿಗೆ ಮಾತ್ರ ಹೊಸದು. ಮುಂದಿನ ಸಲ ವಿಡಿಯೋದಲ್ಲಿ ಬಂದರೂ ಆದೀತು, ಆದರೆ ಬರಲೇಬೇಕು, ಇಲ್ಲವಾದರೆ ಇರುವವರ ಮಾತು ಕೇಳಿ ಆದೇಶ ಮಾಡುತ್ತೇನೆ ಎಂದರು. ಅಕ್ಟೋಬರಿನ ಮೊದಲ ಸೋಮವಾರದ ರಜೆ ಮುಗಿದ ಮಾರನೇ ದಿನ, ಮಂಗಳವಾರಕ್ಕೆ ಹಾಕಿದರು.

ಅವನ ವಕೀಲೆ ಥುಯ್ ಸರ್ಕಾರದ ಉಚಿತ ನೆರವಿನವಳು. ಒಂದೇ ಉಸಿರಿಗೆ ಮಾತಾಡುವ ಹೆಂಗಸು.

"ಸಿಡ್ನಿ ಟೈಮ್ ಒಂಬತ್ತೂವರೆ, ಡೆನ್ಜಿಲ್. ಬರ್ಕೋ. ನೀನು ಜಾಸ್ತಿ ಏನೂ ಹೇಳಬೇಕಾಗಿಲ್ಲ. ಮುಖ ತೋರಿಸು, ಮಗು ಬೇಕು ಅನ್ನು, ಅಷ್ಟೇ. ಪೂರ್ತಿ ವಿಚಾರಣೆ ಆಗೋ ತನಕ ಮಗೂನ ದೇಶ ಬಿಟ್ಟು ಕಳಿಸಲ್ಲ, ಆ ಜಡ್ಜು ಅಂಥವರು. ಆದ್ರೆ ಮುಖ ತೋರಿಸ್ಬೇಕು. ಗೊತ್ತಾಯ್ತಾ?"

"ಒಂಬತ್ತೂವರೆ ಅಂದ್ರೆ ನಮ್ಮ ಹತ್ತು. ಗಡಿಯಾರದ ವಿಷಯ ನನಗೆ ಹೇಳ್ಕೊಡ್ತೀಯಾ ತಾಯಿ? ಅದೇ ನನ್ನ ಹೊಟ್ಟೆಪಾಡು," ಎಂದು ಡೆನ್ಜಿಲ್ ನಕ್ಕಿದ್ದ.

ಅದು ಜುಲೈ. ಜುಲೈನಲ್ಲಿ ಅವರ ಒಂಬತ್ತೂವರೆ ನಮ್ಮ ಹತ್ತೇ. ಅವತ್ತಿನಿಂದ ಅವನ ತಲೆಯಲ್ಲಿ ಆ ದಿನದ ಹೆಸರೇ "ಹತ್ತು ಗಂಟೆ" ಎಂದಾಯಿತು. ಮೊಬೈಲಿನಲ್ಲಿ ಅಲಾರಂ ಇಟ್ಟ. ಮೀನು ಹಿಡಿಯುತ್ತಾ, ಮಲಗುವಾಗ, ಹತ್ತು ಗಂಟೆಗೆ ಏನು ಹೇಳಲಿ ಎಂದು ತನ್ನಷ್ಟಕ್ಕೆ ಬಾಯಿಪಾಠ ಮಾಡುತ್ತಿದ್ದ. "ಮಾನ್ಯರೇ, ನಾನು ಪಿಪ್ಪಾಳ ಅಪ್ಪ" ಎಂದು ಶುರುಮಾಡಿ, ಅಷ್ಟನ್ನೇ ಮತ್ತೆ ಮೊದಲಿಂದ ಹೇಳುತ್ತಿದ್ದ.

ಸಿಡ್ನಿಗೇ ಹೋಗಿಬಿಡಬೇಕೆಂದು ಅವನ ಮನಸ್ಸು ಹೇಳಿತ್ತು. ಶುಕ್ರವಾರದ ವಿಮಾನದಲ್ಲಿ ಸೀಟೂ ಇತ್ತು. ನೊಲೀನ್ ಗೋಗರೆದಳು.

"ಗಡಿಯಾರದ ವಾರ ಬಿಟ್ಟು ಹೋಗ್ತೀಯೇನೋ? ಲಾಂಗ್ ವೀಕೆಂಡು, ಏಳು ಲಾಡ್ಜೂ ತುಂಬಿದೆ. ನಿನ್ನ ಡಬ್ಬ ಒಂದು ಗಂಟೆ ಹಾರಿ ಕೂತ್ರೆ ನಾನು ಸುತ್ತಿಗೆ ತಗೊಂಡು ಸರಿ ಮಾಡ್ಲಾ? ವಿಡಿಯೋಗೆ ಒಪ್ಪಿದಾರಲ್ಲ, ಇಲ್ಲಿಂದ್ಲೇ ಮಾತಾಡು ಕಣೋ."

ಅವಳು ಅವನ ತಾಯಿಯ ಗೆಳತಿ. ತಾಯಿ ಹೋದ ಮೇಲೆ ಅವನ ಅಂಗಿಗೆ ಗುಂಡಿ ಹಾಕಿಕೊಡುತ್ತಿದ್ದವಳು ಅವಳೇ. ಅವನು ಇಲ್ಲ ಎನ್ನಲಾರದೆ ಉಳಿದ.

ಭಾನುವಾರ ಎಂದಿನಂತೆ ಸರ್ವರ್ ಒಂದು ಗಂಟೆ ಹಾರಿತು. ಡೆನ್ಜಿಲ್ ಕೂತು ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ತಂದ, ಒಂದೊಂದೇ ಬುಕಿಂಗು ತೆರೆದು ಹೊತ್ತು ತಿದ್ದಿದ. ಸೋಮವಾರ ಎಲ್ಲ ಸರಿಯಾಗಿ ನಡೆಯಿತು. ನೊಲೀನ್ ಅವನಿಗೆ ಕೇಕು ಕಟ್ಟಿಕೊಟ್ಟಳು.

ಮಂಗಳವಾರ ಬೆಳಿಗ್ಗೆ ಅವನು ಗಡ್ಡ ಕೆರೆದು, ಇಸ್ತ್ರಿ ಅಂಗಿ ತೊಟ್ಟು, ಕಂಪ್ಯೂಟರನ್ನು ಒರೆಸಿ, ಹಿಂದಿನ ಗೋಡೆಗೆ ಪಿಪ್ಪಾ ಬರೆದ ಹಕ್ಕಿಯ ಚಿತ್ರ ಅಂಟಿಸಿದ. ಜಡ್ಜು ನೋಡಲಿ ಎಂದು. ಆಗ ಫೋನು ಬಡಿಯಿತು. ನೊಲೀನ್.

"ಡೆನ್ಸು, ಓಡಿ ಬಾರೋ! ನಿನ್ನ ಡಬ್ಬಕ್ಕೆ ಹುಚ್ಚು ಹಿಡಿದಿದೆ. ವ್ಯಾನು ಹೊರಡೋ ಹೊತ್ತಾಯ್ತು ಅಂತ ನನ್ನ ಕಣ್ಣಿಗೆ ಕಾಣ್ತಿದೆ, ಇದು ನೋಡಿದ್ರೆ ಇನ್ನೂ ಅರ್ಧ ಗಂಟೆ ಇದೆ ಅಂತ ಹಟ ಹಿಡ್ಕೊಂಡು ಕೂತಿದೆ. ಜನ ಇನ್ನೂ ಮೊಟ್ಟೆ ತಿಂತಾ ಇದಾರೆ!"

ಅವನ ಮೊಬೈಲು ಚಾರ್ಜಿಗೆ ಹಾಕಿದಲ್ಲೇ ಉಳಿಯಿತು. ದ್ವೀಪದ ದಾರಿಯಲ್ಲಿ ಸಿಗ್ನಲ್ಲೇ ಇಲ್ಲದ ಮೇಲೆ ಅದನ್ನು ಜೇಬಿನಲ್ಲಿ ಹೊರುವ ಅಭ್ಯಾಸ ಇಲ್ಲಿ ಯಾರಿಗೂ ಇಲ್ಲ. ಸೈಕಲ್ ಹತ್ತಿ ಹೋದ.

ಹೋಗಿ ನೋಡಿದರೆ ಆಗಿದ್ದು ಇಷ್ಟು. ಮೆಲ್ಬರ್ನಿನ ಕಂಪನಿಯವರಿಗೆ ಕೊನೆಗೂ ಜ್ಞಾನೋದಯವಾಗಿ, ಅರ್ಧ ಗಂಟೆ ಹಿಂದಕ್ಕೆ ತರುವ ತಿದ್ದುಪಡಿಯನ್ನು ಕಳಿಸಿದ್ದರು. ನಮ್ಮ ಇಂಟರ್ನೆಟ್ಟಿನ ನಡಿಗೆ ಗೊತ್ತಲ್ಲ, ಭಾನುವಾರ ಬರಬೇಕಾದ್ದು ತೆವಳುತ್ತಾ ಮಂಗಳವಾರ ಬಂದು ಮುಟ್ಟಿತ್ತು. ಡೆನ್ಜಿಲ್ ಆಗಲೇ ಸರಿ ಮಾಡಿಟ್ಟದ್ದನ್ನು ಅದು ಮತ್ತೊಂದು ಸಲ ಸರಿ ಮಾಡಿತ್ತು. ಎರಡು ಸಲ ಅರ್ಧ ಗಂಟೆ ಕಳೆದ ಸರ್ವರ್, ಊರೆಲ್ಲ ಬೇಸಿಗೆಗೆ ಬಂದರೂ ತಾನೊಂದು ಚಳಿಗಾಲದಲ್ಲೇ ಕೂತಿತ್ತು.

"ಅಯ್ಯೋ ಇವರ ಮನೆ ಹಾಳಾಗ!" ಎಂದು ಡೆನ್ಜಿಲ್ ತಲೆ ಚಚ್ಚಿಕೊಂಡ. ಮೊದಲು ಊಟದ ಕೋಣೆಗೆ ಹೋಗಿ ಕೈತಟ್ಟಿ ಜನರನ್ನು ಎಬ್ಬಿಸಿದ. ವ್ಯಾನು ಓಡಿಸುವ ಆರ್ಚಿ ಚೀಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಅಲ್ಲ ಡೆನ್ಸು, ವಿಮಾನದೋರು ಹತ್ತೂಕಾಲು ಅಂತ ಹೇಳಿದಾರೆ. ಸಿಡ್ನಿ ಹತ್ತೂಕಾಲು ಅಂದ್ರೆ ನಮ್ಮ ಹತ್ತೂಮುಕ್ಕಾಲು. ಯಾಕಿಷ್ಟು ಅವಸರ?"

"ಥೂ ನಿನ್ನ! ಅದು ಚಳಿಗಾಲದ ಲೆಕ್ಕ ಕಣೋ. ಭಾನುವಾರದಿಂದ ಅವರದೂ ನಮ್ಮದೂ ಒಂದೇ. ಎಷ್ಟು ವರ್ಷದಿಂದ ಬಡ್ಕೋತಾ ಇದೀನಿ, ಒಬ್ಬನ ತಲೆಗಾದ್ರೂ ಹೋಗಬಾರದಾ?"

ಆರ್ಚಿ ನಾಲಿಗೆ ಕಚ್ಚಿಕೊಂಡು ಪೆಟ್ಟಿಗೆಗಳನ್ನು ಎತ್ತಿಹಾಕಿದ. ಡೆನ್ಜಿಲ್ ಶೆಡ್ಡಿಗೆ ಹೋಗಿ ಕೂತ. ಕಂಪನಿಯ ತಿದ್ದುಪಡಿ ಗಡಿಯಾರವನ್ನಷ್ಟೇ ಅಲ್ಲ, ಏಳೂ ಲಾಡ್ಜುಗಳ ಹೊತ್ತುಗಳನ್ನು ಕಲಸಿಹಾಕಿತ್ತು. ಉಳಿದ ಲಾಡ್ಜುಗಳಿಗೆ ಫೋನಿನಲ್ಲಿ ಕೂಗಿ ಹೇಳಿ, ಒಂದೊಂದನ್ನೇ ಬಿಡಿಸುತ್ತಾ ಕೂತ. ಒಬ್ಬನೇ ಒಬ್ಬ ಪ್ರವಾಸಿಗನಿಗೂ ಅವತ್ತು ವಿಮಾನ ತಪ್ಪಲಿಲ್ಲ. ಕೆಲಸ ಅಂದರೆ ಅವನದು ಅಂಥದ್ದು.

ಮುಗಿಸಿ ಅಡಿಗೆಮನೆಗೆ ಬಂದಾಗ ಗೋಡೆಯ ಗಡಿಯಾರದಲ್ಲಿ ಒಂಬತ್ತೂಕಾಲು ದಾಟಿತ್ತು. ಗಡಿಯಾರ ಸರಿಯಾಗಿತ್ತು. ಭಾನುವಾರ ಅವನೇ ಸ್ಟೂಲು ಹತ್ತಿ ತಿರುಗಿಸಿದ್ದ.

"ನಿನ್ನ ಕೋರ್ಟು ಎಷ್ಟೊತ್ತಿಗೆ?" ನೊಲೀನ್ ಅವನ ಅಂಗಿಯ ತೋಳಿಗೆ ಹತ್ತಿದ ಮಸಿಯನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಾ ಕೇಳಿದಳು.

"ಹತ್ತಕ್ಕೆ."

"ನಮ್ಮ ಹತ್ತಾ, ಅವರ ಹತ್ತಾ?"

"ನಮ್ಮ ಹತ್ತು. ಅವರದು ಒಂಬತ್ತೂವರೆ."

"ಹಾಗಾದ್ರೆ ಬೇಕಾದಷ್ಟು ಹೊತ್ತಿದೆ. ಕೂತ್ಕೋ, ಚಹಾ ಕುಡಿ. ಮುಖ ನೋಡು, ಸುಣ್ಣ ಆಗಿದೆ. ಹೊಟ್ಟೇಲಿ ಏನಾದ್ರೂ ಇದ್ರೆ ಧೈರ್ಯ ಬರತ್ತೆ."

ಇಬ್ಬರೂ ಈ ಮಣ್ಣಿನಲ್ಲಿ ಹುಟ್ಟಿದವರು. ಸಿಡ್ನಿಗೆ ಅರ್ಧ ಗಂಟೆ ಕೂಡಿಸುವುದು ಇಬ್ಬರ ರಕ್ತದಲ್ಲೇ ಇತ್ತು. ಅವಳು ಚಹಾ ಸುರಿದಳು, ಸ್ಕೋನು ಎಂಬ ಬಿಸಿ ಬನ್ನಿಗೆ ಬೆಣ್ಣೆ ಸವರಿಕೊಟ್ಟಳು. ಅವನು ಎರಡು ತಿಂದ. ಗಡಿಯಾರದ ಮುಳ್ಳು ಒಂಬತ್ತೂವರೆಗೆ ಬಂದಾಗ ಅವನು ಅದನ್ನೇ ನೋಡುತ್ತಿದ್ದ. ನೋಡುತ್ತಾ, "ಇನ್ನು ಅರ್ಧ ಗಂಟೆ ನೊಲೀನ್," ಎಂದ. ಅವಳು ಅವನ ಬೆನ್ನು ಸವರಿ ಇನ್ನರ್ಧ ಲೋಟ ಚಹಾ ಹಾಕಿದಳು.

ಆಮೇಲೆ ಸೈಕಲ್ ಹತ್ತಿದ. ನಮ್ಮಲ್ಲಿ ದಾರಿಯಲ್ಲಿ ಸಿಕ್ಕವರಿಗೆಲ್ಲ ಕೈ ಎತ್ತದೆ ಹೋಗುವಂತಿಲ್ಲ. ಅವನು ಎಲ್ಲರಿಗೂ ಎತ್ತಿದ. ತಾಳೆ ತೋಪಿನ ತಿರುವಿನಲ್ಲಿ ಪಕ್ಕದ ಮನೆಯ ಮುದುಕ ಹೆಕ್ಟರ್ ಎದುರಾದ.

"ಏ ಡೆನ್ಸು, ನಿಮ್ಮನೇಲಿ ಫೋನು ಒಂದೇ ಸಮ ಬಡ್ಕೋತಾ ಇದೆ ಕಣೋ. ನಿಲ್ಲತ್ತೆ, ಮತ್ತೆ ಬಡಿಯತ್ತೆ. ಎತ್ತಿ ಕೇಳೋಣ ಅಂತಿದ್ದೆ, ನನಗ್ಯಾಕೆ ಬೇಕು ಅಂತ ಸುಮ್ಮನಾದೆ."

"ಬಡ್ಕೊಳ್ಳಲಿ ಬಿಡು. ಗಡಿಯಾರದ ವಾರ. ಎಲ್ರಿಗೂ ಇವತ್ತೇ ನಾನು ಬೇಕು," ಎಂದ ಡೆನ್ಜಿಲ್. ಅಷ್ಟು ಹೇಳಿ ಮುಂದೆ ಹೋಗಲಿಲ್ಲ ಬೇರೆ. ಮುದುಕನ ಮಂಡಿ ನೋವು ಹೇಗಿದೆ ಎಂದೂ ಕೇಳಿದ.

ಮನೆಗೆ ಬಂದಾಗ ಫೋನು ಸುಮ್ಮನಿತ್ತು. ಮೊಬೈಲಿನಲ್ಲಿ ಅಲಾರಂ ಆಗಷ್ಟೇ ಬಡಿಯತೊಡಗಿತ್ತು. ಹತ್ತಕ್ಕೆ ಇನ್ನೂ ಹತ್ತು ನಿಮಿಷ. ಬೇಗ ಬಂದೆನೆಂದು ಅವನಿಗೆ ಹೆಮ್ಮೆಯೇ ಆಯಿತು. ಕೂದಲು ಒದ್ದೆ ಮಾಡಿ ಬಾಚಿ, ಕುರ್ಚಿ ಎಳೆದುಕೊಂಡು ಕೂತು, ಕಂಪ್ಯೂಟರಿನಲ್ಲಿ ನ್ಯಾಯಾಲಯದ ಕೊಂಡಿ ಒತ್ತಿದ.

ಈ ಪ್ರಕರಣದ ಕಲಾಪ ಮುಗಿದಿದೆ ಎಂದು ಬಂತು.

ತಪ್ಪು ಒತ್ತಿದೆನೆಂದು ಮತ್ತೆ ಒತ್ತಿದ. ಅದೇ ಬಂತು. ಅಷ್ಟರಲ್ಲಿ ಫೋನು ಬಡಿಯಿತು.

"ಎಲ್ಲಿದ್ದೆ?" ಥುಯ್. ಅವಳ ದನಿಯಲ್ಲಿ ಅವಸರವಿರಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

"ಇಲ್ಲೇ ಇದೀನಲ್ಲ. ಇನ್ನೂ ಹತ್ತು ನಿಮಿಷ ಇದೆ."

"ಒಂಬತ್ತೂವರೆ ಅಂತ ಹೇಳಿದ್ದೆ ಡೆನ್ಜಿಲ್."

"ಹೌದು. ಸಿಡ್ನಿ ಒಂಬತ್ತೂವರೆ. ನಮ್ಮ..."

ಅವನ ಕಣ್ಣ ಮುಂದೆ ಆರ್ಚಿ ಬಂದ, ಚೀಟಿ ಬಂತು, ತಾನೇ ಬೈದ ಬೈಗುಳ ಬಂತು. ಆಮೇಲೆ ನೊಲೀನಳ ಅಡಿಗೆಮನೆಯ ಗಡಿಯಾರ, ಅದರ ಕೆಳಗೆ ಕೂತು ತಾನು ತಿಂದ ಎರಡನೇ ಸ್ಕೋನು.

"ಜಡ್ಜು ಕಾದ್ರು," ಥುಯ್ ಹೇಳುತ್ತಿದ್ದಳು. "ನಾನೇ ಕೈಮುಗಿದು ಕಾಯ್ಸಿದೆ. ಮನೆಗೆ ಎಷ್ಟು ಸಲ ಮಾಡಿದೆ ಗೊತ್ತಾ? ಕಾಲು ಗಂಟೆ ಕಾದ್ರು. ಆಮೇಲೆ, ಎರಡು ಸಲ ಕರೆದರೂ ತಂದೆ ಬಂದಿಲ್ಲ, ಅವರಿಗೆ ಮಗುವಿನ ಮೇಲೆ ಆಸಕ್ತಿ ಇಲ್ಲ ಅಂತ ತಿಳ್ಕೋಬೇಕಾಗತ್ತೆ ಅಂದ್ರು. ಆದೇಶ ಆಯ್ತು. ಕರ್ಕೊಂಡು ಹೋಗಬಹುದು."

"ಆಸಕ್ತಿ ಇಲ್ಲ ಅಂದ್ರಾ?"

"ಹಾಗೆ ಬರೆಸಿದಾರೆ."

"ಥುಯ್, ಈಗ ಹೇಳು ಅವರಿಗೆ. ಗಡಿಯಾರ ಅಂತ ಹೇಳು. ನಾನು ಈಗ ಕೂತಿದೀನಿ, ಅಂಗಿ ಹಾಕ್ಕೊಂಡು ಕೂತಿದೀನಿ ಕಣಮ್ಮ!"

"ಈಗ ಬೇರೆ ಕೇಸು ನಡೀತಿದೆ. ಅರ್ಜಿ ಹಾಕ್ತೀನಿ, ಹಾಕದೆ ಇರಲ್ಲ. ಆದ್ರೆ ಅದು ವಿಚಾರಣೆಗೆ ಬರೋಕೆ ತಿಂಗಳುಗಟ್ಟಲೆ ಆಗತ್ತೆ. ಅವರ ವಿಮಾನ ಶನಿವಾರ. ಒಂದ್ಸಲ ದೇಶ ದಾಟಿದ ಮೇಲೆ... ಏನಂತ ಬರೀಲಿ ಹೇಳು. ಗಡಿಯಾರ ನೋಡ್ಕೊಳ್ಳೋದೇ ನಿನ್ನ ಕೆಲಸ, ಗಡಿಯಾರ ತಪ್ಪಾಯ್ತು ಅಂತ ಬರೀಲಾ? ನಂಬ್ತಾರಾ?"

ನಂಬುವುದಿಲ್ಲ. ತಾನೇ ಆ ಜಡ್ಜಿನ ಕುರ್ಚಿಯಲ್ಲಿದ್ದರೂ ನಂಬುತ್ತಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು. ಫೋನಿಟ್ಟು ಕಂಪ್ಯೂಟರಿನ ಮುಂದೆಯೇ ಕೂತಿದ್ದ. ಅತ್ತರೂ ಆಗುತ್ತಿತ್ತು, ಅಳು ಬರಲಿಲ್ಲ. ತನ್ನ ಮೇಲೆ ತನಗೆ ಬಂದ ಅಸಹ್ಯ ಎಷ್ಟಿತ್ತೆಂದರೆ ಅಳುವ ಯೋಗ್ಯತೆಯೂ ತನಗಿಲ್ಲ ಅನ್ನಿಸಿತು.

ಮಧ್ಯಾಹ್ನ ನೊಲೀನ್ ಡಬ್ಬಿಯಲ್ಲಿ ಊಟ ತುಂಬಿಕೊಂಡು ನಗುನಗುತ್ತಾ ಬಂದಳು. ಏನಾಯಿತೆಂದು ಕೇಳಿ ತಿಳಿದು ಡಬ್ಬಿ ಹಿಡಿದೇ ನಿಂತಳು.

"ನಾನು ಚಹಾ ಕೊಟ್ಟೆನಲ್ಲೋ," ಎಂದಳು. "ಕೂತ್ಕೋ ಅಂದೆನಲ್ಲೋ. ನೀನು ಹೋಗ್ತೀನಿ ಅಂದಾಗ ಶುಕ್ರವಾರನೇ ಕಳ್ಸಿದ್ರೆ..."

"ನಿಂದೇನೂ ತಪ್ಪಿಲ್ಲ."

"ಬೈಯೋ ನನ್ನ. ಎರಡು ಬೈಯೋ, ದಮ್ಮಯ್ಯ."

ಅವನು ಬೈಯಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಉಳಿದ ಲಾಡ್ಜುಗಳಿಂದ ಅವತ್ತು ಫೋನು ಬಂತು, ಎಲ್ಲ ಸರಿಹೋಯಿತು, ನೀನು ದೇವರ ಹಾಗೆ ಬಂದೆ ಎಂದು. ಮೂರನೆಯದಕ್ಕೆ ಅವನು ಎತ್ತುವುದನ್ನು ಬಿಟ್ಟ.

ಸಂಜೆ ಐದಕ್ಕೆ ಬಂದ ಫೋನನ್ನು ಮಾತ್ರ ಮೊದಲ ಸದ್ದಿಗೇ ಎತ್ತಿದ.

"ಅಪ್ಪಾ! ನಾನು ಅರ್ಧ ಗಂಟೆ ಕೂಡಿಸ್ಲಿಲ್ಲ, ನೋಡಿದ್ಯಾ?" ಪಿಪ್ಪಾಳ ದನಿ ಪುಟಿಯುತ್ತಿತ್ತು. "ಭಾನುವಾರದಿಂದ ನಂದೂ ನಿಂದೂ ಒಂದೇ. ಅಮ್ಮ ಮರ್ತಿದ್ಲು. ನಾನೇ ನೆನಪು ಮಾಡ್ದೆ."

"ಜಾಣೆ," ಎಂದ. ಹೇಳಿಕೊಟ್ಟವನು ಅವನೇ. ಎರಡು ವರ್ಷದ ಹಿಂದೆ, ಮರಳಿನ ಮೇಲೆ ಎರಡು ಗಡಿಯಾರ ಬರೆದು.

"ನೀನು ಬೆಳಿಗ್ಗೆ ಬರ್ಲಿಲ್ವಂತೆ. ಅಮ್ಮ ಅಂದ್ಲು. ಸರ್ವರ್ ಕೆಟ್ಟಿತ್ತಾ?"

"ಇಲ್ಲ ಕಂದ. ಸರ್ವರ್ ಸರಿ ಮಾಡ್ದೆ."

"ಮತ್ತೆ ಯಾಕೆ ಬರ್ಲಿಲ್ಲ?"

ಅವಳೇ ಬೇರೆ ಮಾತಿಗೆ ಹೋದಳು. ಮಕ್ಕಳು ಹಾಗೆಯೇ, ದೊಡ್ಡವರ ಉಸಿರು ನಿಂತದ್ದು ಗೊತ್ತಾಗಿ ತಾವೇ ದಾರಿ ಬಿಟ್ಟುಕೊಡುತ್ತವೆ.

"ಅಪ್ಪಾ, ಸ್ಕಾಟ್ಲೆಂಡಿಗೆ ಹೋದ್ಮೇಲೆ ನನ್ನ ಗಡಿಯಾರಕ್ಕೆ ಎಷ್ಟು ಕೂಡಿಸಿದ್ರೆ ನಿಂದು ಬರತ್ತೆ?"

"ಹತ್ತು. ಈ ತಿಂಗಳ ಕೊನೆಯಿಂದ ಹನ್ನೊಂದು."

"ಯಾಕೆ ಎರಡು?"

"ಅಲ್ಲಿಯವರು ಆವಾಗ ಗಡಿಯಾರ ಹಿಂದಕ್ಕೆ ತಿರುಗಿಸ್ತಾರೆ ಪುಟ್ಟ."

"ನಾವು ಮುಂದಕ್ಕೆ, ಅವರು ಹಿಂದಕ್ಕಾ? ಹುಚ್ಚರು!" ಅವಳು ಕಿಲಕಿಲ ನಕ್ಕಳು. "ಇರು, ಬರ್ಕೋತೀನಿ. ಹತ್ತು. ಹನ್ನೊಂದು. ಆಮೇಲೆ ನಿನಗೆ ಚಳಿಗಾಲ ಬರತ್ತಲ್ಲ, ಅರ್ಧ ಗಂಟೇದು? ಆವಾಗ ಎಷ್ಟು?"

ಇಪ್ಪತ್ತು ವರ್ಷದಿಂದ ಮಾಡಿದ ಕೆಲಸ. ಲೆಕ್ಕ ತಲೆಯಲ್ಲಿ ತಾನಾಗಿಯೇ ಆಗಿಹೋಯಿತು. ಒಂಬತ್ತೂವರೆ. ಹೇಳಲು ಬಾಯಿ ತೆರೆದ. ಆ ಮಾತು ಹೊರಗೆ ಬರಲಿಲ್ಲ.

"ಅಪ್ಪಾ? ಎಷ್ಟು ಹೇಳು? ಕೇಳಿಸ್ತಾ ಇದ್ಯಾ?"

"ಲೈನು ಸರಿ ಇಲ್ಲ ಕಂದ," ಎಂದ. "ಆಮೇಲೆ ಹೇಳ್ತೀನಿ."

ಲೈನು ಸರಿಯಾಗಿಯೇ ಇತ್ತು. ಅವಳು ಪೆನ್ಸಿಲ್ ಹಿಡಿದು ಕಾಯುತ್ತಿರುವುದು ಅವನಿಗೆ ಕೇಳಿಸುತ್ತಿತ್ತು.